ಚಪ್ಪಲಿ ಕಾಲಿಗೆ ಮಾತ್ರ

ಫಿಟ್ಸ್ ಬಂದವರ ಮೂಗಿಗೆ ಚಪ್ಪಲಿ ಹಿಡಿಯಬೇಕೆಂದು ನಂಬಿದವರು ಎಲ್ಲಿಲ್ಲ ಹೇಳಿ. ಅಂಥದ್ದರಲ್ಲಿ ಬೀಳುವವಳು ಚಪ್ಪಲಿ ಅಂಗಡಿಯಲ್ಲೇ ಬಿದ್ದರೆ ಅವರ ಸಡಗರ ಕೇಳಬೇಕೆ? ಕೌಂಟರಿನ ಅಕ್ಕ ಬಿದ್ದ ದಿನ ಯಜಮಾನರು ಕಪಾಟಿನಿಂದ ಹೊಸ ಬೂಟು ಕಿತ್ತುಕೊಂಡು ಓಡಿಬಂದರು.

"ಹೊಸದು ನಡೆಯಲ್ಲ ಸ್ವಾಮಿ, ಹಳೇದೇ ಆಗ್ಬೇಕು," ಎಂದು ಗಿರಾಕಿಯೊಬ್ಬರು ತಮ್ಮದನ್ನೇ ಬಿಚ್ಚಿದರು.

"ನಿಮ್ಮದೇನು ಮಹಾ, ನಂದು ನೋಡಿ!" ಎಂದರು ಇನ್ನೊಬ್ಬರು.

ಈ ಪೈಪೋಟಿ ಮುಗಿಯುವ ಮೊದಲೇ ಫಿಟ್ಸ್ ತನ್ನಷ್ಟಕ್ಕೆ ತಾನು ನಿಂತಿತ್ತು. ಅಕ್ಕ ಕಣ್ಣು ಬಿಟ್ಟರೆ ಮುಖದ ಸುತ್ತ ಚಪ್ಪಲಿಗಳ ಸಂತೆ.

ಮರುದಿನ ಯಜಮಾನರು ಕರೆದರು. ಒಳ್ಳೆಯ ಮನುಷ್ಯರೇ, ಹೆದರಿದಾಗ ಮಾತ್ರ ಮಾತಿಗೆ ಬೆಣ್ಣೆ ಹಚ್ಚುತ್ತಾರೆ.

"ನೋಡಮ್ಮ, ನಿನ್ನ ಒಳ್ಳೇದಕ್ಕೇ ಹೇಳ್ತಿದೀನಿ. ಸೋಮವಾರದಿಂದ ಮೇಲಿನ ಗೋಡೌನ್ ನೋಡ್ಕೋ. ಆರಾಮಾಗಿರ್ಬಹುದು."

"ಮೇಲೆ ಪೆಟ್ಟಿಗೆ ತೆಗೆಯೋಕೆ ಏಣಿ ಹತ್ಬೇಕು ಸಾರ್. ಇಲ್ಲಾದ್ರೆ ಬರೀ ನೆಲಕ್ಕೆ ಬೀಳ್ತೀನಿ."

"ಅದು ಸರಿ... ಆದ್ರೆ ಜನ ಏನಂತಾರೆ?"

ಗಿರಾಕಿಯ ಪಾದ ಕಂಡರೆ ಸಾಕು, ಅವರ ಸೊಸೆಯ ಸುದ್ದಿಯವರೆಗೂ ಮಾತಾಡಿ ಬರುವವಳು ಅಕ್ಕ. ಪೆಟ್ಟಿಗೆಗಳ ಜೊತೆ ಏನು ಮಾತಾಡುವುದು?

ಆ ಸಂಜೆ ಫೋನಿನ ವಿಡಿಯೋ ಕಾಲಿನಲ್ಲಿ ಅವಳ ಗೆಳೆಯರ ಬಳಗ ಸೇರಿತು. ಎಲ್ಲರಿಗೂ ಫಿಟ್ಸ್, ಒಬ್ಬೊಬ್ಬರದು ಒಂದೊಂದು ದೇಶ. ಅರ್ಧ ಅರ್ಥವಾಗುತ್ತಿತ್ತು, ಉಳಿದದ್ದನ್ನು ಕೈಸನ್ನೆ ತುಂಬುತ್ತಿತ್ತು. ಚಪ್ಪಲಿಯ ಕಥೆ ಕೇಳಿ ಅವರಿಗೆಲ್ಲ ನಕ್ಕು ನಕ್ಕು ಹೊಟ್ಟೆ ಹುಣ್ಣಾಯಿತು.

"ನಮ್ಮಲ್ಲಿ ಚಮಚ!" ಎಂದ ದೂರದ ಬೇಕರಿಯವನು. "ಬಾಯಿಗೆ ತುರುಕಿದ್ರು. ಹಲ್ಲು ಹೋಯ್ತು, ಚಮಚಕ್ಕೆ ಏನೂ ಆಗ್ಲಿಲ್ಲ."

ಗೋಡೌನಿನ ವಿಷಯಕ್ಕೆ ಮಾತ್ರ ಯಾರೂ ನಗಲಿಲ್ಲ. ಬಳಗದ ಅಜ್ಜಿ ಹೇಳಿದಳು: "ಬಾಯಲ್ಲಿ ಹೇಳಿದ್ರೆ ತಲೆ ಆಡಿಸಿ ಮರೀತಾರೆ ಮಗಳೇ. ನೆಲಕ್ಕೆ ಮಲಗಿಸಿ ಕಲಿಸು."

ಶನಿವಾರ ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತು ನೋಡಿ ಅಕ್ಕ ಗಲ್ಲಾದಲ್ಲಿ ಕೂರುವ ಮಾಮನನ್ನೂ ಕರೆದು, ಯಜಮಾನರನ್ನೇ ಚಾಪೆಯ ಮೇಲೆ ಮಲಗಿಸಿದಳು.

"ಹಿಡ್ಕೋಬಾರದು, ಬಾಯಿಗೆ ಏನೂ ಹಾಕ್ಬಾರದು, ಮಗ್ಗುಲಿಗೆ ತಿರುಗಿಸಿ ತಲೆ ಕೆಳಗೆ ಮೆತ್ತಗಿನದು ಇಡ್ಬೇಕು. ಮಾಮ, ನೀವು ಗಾಬರಿ ಆಗ್ಬೇಡಿ ಅಂತ ಎಲ್ರಿಗೂ ಕೂಗಿ ಹೇಳಿ, ಗಡಿಯಾರ ನೋಡಿ. ಐದು ನಿಮಿಷ ದಾಟಿದ್ರೆ ಆಂಬುಲೆನ್ಸ್. ಸಾರ್, ನೀವು ಕಣ್ಣು ಬಿಡಂಗಿಲ್ಲ!" ಎಂದು ದಿಂಬು ತರಲು ಒಳಗೆ ಹೋದಳು.

ಗಲ್ಲಾದ ಮಾಮ ಗಂಟಲು ಸರಿಮಾಡಿಕೊಂಡು ಕಲಿತದ್ದನ್ನು ಕೂಗಿದರು: "ಫಿಟ್ಸ್ ಬಂದಿದೆ! ಯಾರೂ ಗಾಬರಿ ಆಗ್ಬೇಡಿ!"

ಅಷ್ಟರಲ್ಲೇ ಗಂಡ ಹೆಂಡತಿ ಇಬ್ಬರು ಬಾಗಿಲು ತಳ್ಳಿ ಬಂದರು. ಗಾಬರಿ ಆಗಬೇಡಿ ಎಂದರೆ ಆಗದವರುಂಟೆ? ಹೆಂಡತಿ ಯಜಮಾನರ ಮುಷ್ಟಿಗೆ ಬೀಗದ ಕೈ ಗೊಂಚಲು ತುರುಕಿದಳು. ಇದೂ ಪಾಠವೇ ಇರಬೇಕೆಂದು ಯಜಮಾನರು ಸುಮ್ಮನೆ ಮಲಗಿದರು. ಮಾಮ ಗಡಿಯಾರದಿಂದ ಕಣ್ಣು ಕೀಳಲಿಲ್ಲ. ವಹಿಸಿದ ಕೆಲಸ ಅದು. ಗಂಡ ತನ್ನ ಬೂಟು ಬಿಚ್ಚಿ ಯಜಮಾನರ ಮೂಗಿಗೇ ಒತ್ತಿದ.

"ಥೂ! ತೆಗೀರ್ರೀ!" ಯಜಮಾನರು ಚಂಗನೆ ಎದ್ದು ಕೂತರು.

"ನೋಡಿದ್ಯೇನೇ? ಒಂದೇ ಸಲಕ್ಕೆ ಎದ್ದೇ ಬಿಟ್ರು!"

"ರೀ, ನನಗೆ ಫಿಟ್ಸೇ ಬಂದಿರ್ಲಿಲ್ಲ!"

"ಎದ್ಮೇಲೆ ಎಲ್ರೂ ಹಾಗೇ ಅಂತಾರೆ," ಎಂದು ಹೆಂಡತಿ ಲೊಚಗುಟ್ಟಿದಳು. "ಪಾಪ, ಈ ಸ್ಥಿತೀಲಿ ಅಂಗಡಿ ಯಾಕೆ ಅಣ್ಣ? ಬೇರೆ ಯಾರಿಗಾದ್ರೂ ವಹಿಸಿ ಒಳಗಿದ್ದುಬಿಡಿ. ನಿಮ್ಮ ಒಳ್ಳೇದಕ್ಕೇ ಹೇಳ್ತಿದೀನಿ."

ಯಜಮಾನರು ದಿಂಬು ಹಿಡಿದು ನಿಂತಿದ್ದ ಅಕ್ಕನ ಕಡೆ ತಿರುಗಿದರು.

"ನೀನೇ ಹೇಳಮ್ಮ ಇವರಿಗೆ. ನನ್ನ ಮಾತು ಕೇಳೋರೇ ಇಲ್ಲ."

ಅಕ್ಕ ಇಬ್ಬರನ್ನೂ ಕೂರಿಸಿ, ಗಂಡ ಬೂಟು ಬಿಚ್ಚಿದ್ದ ಕಾಲಿನ ಅಳತೆ ತೆಗೆಯುತ್ತಲೇ ಮೊದಲಿನಿಂದ ಎಲ್ಲ ಹೇಳಿದಳು. ಹೋಗುವಾಗ ಗಂಡನ ಕಾಲಲ್ಲಿ ಹೊಸ ಬೂಟಿತ್ತು. ಹಳೆಯದನ್ನು ಅಲ್ಲೇ ಬಿಟ್ಟುಹೋಗಲು ಹೊರಟವನನ್ನು ಯಜಮಾನರು ಕೈಮುಗಿದು ತಡೆದರು.

ಸೋಮವಾರ ಅಕ್ಕ ಗೋಡೌನಿನ ಮೆಟ್ಟಿಲಿಗೆ ಕಾಲಿಟ್ಟಳು.

"ಎಲ್ಲಿಗೆ?"

"ನೀವೇ ಹೇಳಿದ್ರಲ್ಲ ಸಾರ್."

"ನೀನು ಮೇಲೆ ಹೋದ್ರೆ, ಆ ಮಹಾನುಭಾವ ಮತ್ತೆ ಬಂದಾಗ ನನ್ನ ಗತಿ? ಬಾ ಇಲ್ಲಿ."

ಕೌಂಟರಿನ ಹಿಂದೆ ಯಜಮಾನರದೇ ಸೊಟ್ಟ ಅಕ್ಷರದ ಬೋರ್ಡು ನೇತಾಡುತ್ತಿತ್ತು: 'ಫಿಟ್ಸ್ ಬಂದವರನ್ನು ಮಗ್ಗುಲಿಗೆ ತಿರುಗಿಸಿ. ಚಪ್ಪಲಿ ಕಾಲಿಗೆ ಮಾತ್ರ.'

ಅಕ್ಕ ಅದರ ಫೋಟೋ ಬಳಗಕ್ಕೆ ಕಳಿಸಿದಳು. ಎಲ್ಲರಿಗಿಂತ ಮೊದಲು ಬೇಕರಿಯವನ ಉತ್ತರ ಬಂತು: "ನಮಗೂ ಒಂದು ಬರೆಸು ತಾಯಿ. ಚಮಚ ಸಕ್ಕರೆಗೆ ಮಾತ್ರ!"