ಮಣ್ಣು ಸಾಕಾದವನು

ಬಕೆಟ್ಟಿನಲ್ಲಿ ಮೊಗೆದಷ್ಟೂ ಗುಂಡಿಯಲ್ಲಿ ನೀರು ಜಿನುಗುತ್ತಲೇ ಇತ್ತು. ನಾಲೆಗೆ ನೀರು ಬಿಟ್ಟಿದ್ದರಿಂದ ಕಿರಂಗೂರಿನ ಗದ್ದೆಯಂಚೆಲ್ಲ ಜೌಗಾಗಿತ್ತು. ಅಂಚಿನ ಮಣ್ಣು ಮತ್ತೆ ಕುಸಿದಾಗ ಮಹದೇವಸ್ವಾಮಿ ಬಕೆಟ್ಟು ಎಸೆದು ಬದುವಿನ ಮೇಲೆ ಕುಕ್ಕರಿಸಿದ. ಬೆಳಗಿನಿಂದ ಅಣ್ಣನಿಗಾಗಿ ಅಳಲೂ ಅವನಿಗೆ ಬಿಡುವಾಗಿರಲಿಲ್ಲ.

ಹೊಂಗೆ ಮರದ ಕೆಳಗೆ ಚಟ್ಟದ ಮೇಲೆ ಅಣ್ಣ ಕುಳ್ಳಯ್ಯ ಮಲಗಿದ್ದ. ತಮಟೆಯವರು ಬಡಿದು ಬಡಿದು ಸುಸ್ತಾಗಿ ಬೀಡಿ ಹಚ್ಚಿದ್ದರು. ಚಟ್ಟದ ಪಕ್ಕದಲ್ಲಿದ್ದ ಅವನ ಹೆಂಡತಿ ಸಿದ್ದಲಿಂಗಮ್ಮ ಬೆಳಗಿನಿಂದ ಹೇಳಿದ್ದನ್ನೇ ಇನ್ನೊಮ್ಮೆ ಹೇಳಿದಳು.

“ಹೂಳ್ಬ್ಯಾಡ ಕಣಪ್ಪ. ‘ಸತ್ರೆ ನನ್ನ ಸುಟ್ಬುಡಿ’ ಅಂತ ಬಾಯ್ಬುಟ್ಟು ಏಳವ್ರೆ ನಿಮ್ಮಣ್ಣ.”

“ನಮ್ಮ ವಂಸದಲ್ಲಿ ಯಾರ್ನ ಸುಟ್ಟವ್ರೆ ಅತ್ಗೆ? ಅಪ್ಪ, ಅವ್ವ ಇಲ್ಲೇ ಮಲ್ಗವ್ರೆ. ಪಿತೃಪಕ್ಸದಲ್ಲಿ ಅಣ್ಣಂಗೆ ಎಡೆ ಎಲ್ಲಿಕ್ಲಿ? ಗಾಳಿಗಾ?”

ಮಹದೇವಸ್ವಾಮಿ ಅಣ್ಣನ ಹಳೆಯ ಜೊತೆಗಾರ ಚಲುವರಾಜುವಿನ ಕಡೆ ತಿರುಗಿದ. “ಚಲುವಣ್ಣ, ಕಲ್ಕತ್ತೇಲಿ ರಸ್ತೆ ಕೆಳ್ಗೆ ರೈಲು ಬುಡಕೆ ನೆಲ ಬಗ್ದೋರು ನೀವು. ಇದೊಂದು ಗುಂಡಿ ನಿಲ್ಸಕಾಗಕಿಲ್ವಾ?”

ಆಗುತ್ತಿತ್ತು. ಸುತ್ತ ಹಲಗೆ ನಿಲ್ಲಿಸಿ ಅಡ್ಡಗೂಟ ಕೊಟ್ಟರೆ ಸಾಕು. ಯಾರೋ ಗಾಡಿಯ ಹಲಗೆಗಳನ್ನು ಕಳಚಿ ತಂದರು. ಚಲುವರಾಜು ಪಂಚೆ ಎತ್ತಿ ಕಟ್ಟಿ ಇಳಿದ.

*

ಬಾವಿ ತೋಡುತ್ತಿದ್ದ ಕುಳ್ಳಯ್ಯನನ್ನು “ಬಾರ್ಲಾ, ಒಳ್ಳೆ ಕೆಲ್ಸ” ಎಂದು ಕಲ್ಕತ್ತೆಗೆ ಎಳೆದೊಯ್ದವನು ಚಲುವರಾಜುವೇ. ವರ್ಷಗಟ್ಟಲೆ ಇಬ್ಬರೂ ಬೆಳಕು ಹರಿಯುವ ಮುನ್ನ ಇಳಿದು ಕತ್ತಲಾದ ಮೇಲೆ ಹತ್ತಿದರು. ಮೇಲೆ ಟ್ರಾಮು, ಬಸ್ಸು, ಮೆರವಣಿಗೆ. ಕೆಳಗೆ ಮೊಣಕಾಲುದ್ದ ಕೆಸರು. ಹಲಗೆಯ ಸಂದಿನಿಂದ ನೀರು ಕತ್ತಿಗೆ ತೊಟ್ಟಿಕ್ಕುತ್ತಿತ್ತು. ತಿನ್ನುವ ಅನ್ನದಲ್ಲೂ ಮಣ್ಣು.

ಮೊದಲ ರೈಲು ಓಡಿದ ವಾರ ಇಬ್ಬರೂ ಟಿಕೆಟ್ಟು ತೆಗೆದು ಹತ್ತಿದರು. ಜನ ದೀಪಗಳನ್ನು ಬಾಯಿಬಿಟ್ಟು ನೋಡುತ್ತಿದ್ದರೆ ಕುಳ್ಳಯ್ಯ ಕಣ್ಣು ಮುಚ್ಚಿ ಕುಳಿತಿದ್ದ. ಮುಂದಿನ ಸ್ಟೇಷನ್ನಿನಲ್ಲೇ ಇಳಿದು, ಮೆಟ್ಟಿಲು ಹತ್ತಿ ಫುಟ್‌ಪಾತಿನ ಮೇಲೆ ಕುಸಿದು ಆಕಾಶ ನೋಡಿದ.

“ಯಾಕ್ಲಾ? ನಾವೇ ಕಟ್ಟಿದ್ದಲ್ವಾ?”

“ಕಟ್ಟುದ್ವಿ. ಓಡ್ಲಿ, ಜನ ಓಡಾಡ್ಲಿ. ನಂಗೆ ಈ ಮಣ್ಣಿನ ಸಾವಾಸ ಸಾಕಾಯ್ತು ಕಣ್ಲಾ.”

ಊರಿಗೆ ಬಂದ ಮೇಲೆ ಅವನು ಮಳೆಗಾಲದಲ್ಲೂ ಜಗಲಿಯ ಮೇಲೆಯೇ ಮಲಗಿದ. ಹೋದ ವರ್ಷ, ಆ ರೈಲು ಈಗ ಕಲ್ಕತ್ತೆಯ ಆ ತುದಿಯಿಂದ ಈ ತುದಿಗೂ ಓಡುತ್ತಿದೆಯೆಂದು ಯಾರೋ ಪೇಪರು ಓದಿ ಹೇಳಿದಾಗ, “ಓಡ್ಲಿ ಬುಡು” ಎಂದು ಮಗ್ಗುಲು ಬದಲಿಸಿದ್ದ.

*

ಮೊದಲ ಹಲಗೆ ನಿಂತಿತು. ಅದರ ಮೇಲಂಚಿನಿಂದ ತಣ್ಣನೆಯ ಹನಿಯೊಂದು ಚಲುವರಾಜುವಿನ ಕತ್ತಿಗೆ ಬಿತ್ತು. ಅವನು ಅದನ್ನು ಒರೆಸಿಕೊಂಡು ಕೈಗೆ ಮೆತ್ತಿದ ಕೆಸರನ್ನು ನೋಡಿದ. ಆಮೇಲೆ ಹಲಗೆಯನ್ನು ಕಿತ್ತು ಮೇಲಕ್ಕೆಸೆದು ತಾನೂ ಹತ್ತಿ ಬಂದ.

“ನಿಲ್ತದೆ ಕಣ್ಲಾ ಮಾದೇವ. ಆದ್ರೆ ನಾ ನಿಲ್ಸಕಿಲ್ಲ. ಒಂದ್ಸಲ ಅವನ್ನ ಕೆಳಕ್ಕಿಳ್ಸಿದ್ದು ಸಾಕು.”

“ಮತ್ತೆ ಎಡೆ?” ಮಹದೇವಸ್ವಾಮಿ ಕೇಳಿದ.

“ಬೂದಿನ ನಿಮ್ಮವ್ವನ ಪಕ್ಕದಲ್ಲೇ ಆಕಿ ಕಲ್ಲು ನೆಡು” ಎಂದಳು ಸಿದ್ದಲಿಂಗಮ್ಮ. “ಅಲ್ಲೇ ಇಕ್ಕು. ನಾನೂ ಬತ್ತೀನಿ.”

ಮಹದೇವಸ್ವಾಮಿ ಅಣ್ಣನ ಕಾಲುಗಳನ್ನು ನೋಡಿದ. ಬೆಳಿಗ್ಗೆ ತಾನೇ ಉಜ್ಜಿ ತೊಳೆದಿದ್ದ. ಹಿಮ್ಮಡಿಯ ಬಿರುಕುಗಳಲ್ಲಿ ಮಣ್ಣು ಇನ್ನೂ ಹಾಗೇ ಇತ್ತು. ಅವನು ಎದ್ದು ಬಂದು, ಚಲುವರಾಜು ಎತ್ತುತ್ತಿದ್ದ ಹಲಗೆಯ ಇನ್ನೊಂದು ತುದಿ ಹಿಡಿದ.

ಗಾಡಿಯ ಹಲಗೆ, ಹೊಂಗೆಯ ಒಣಕೊಂಬೆ, ಯಾರದೋ ಹಿತ್ತಲಿನ ಸೌದೆ ಎಲ್ಲ ಸೇರಿ ಬೆಂಕಿ ಹೊತ್ತಿತು. ಆಗ ಮಹದೇವಸ್ವಾಮಿ ಅತ್ತ.

ತೋಡಿದ ಗುಂಡಿಯನ್ನು ಹಾಗೇ ಬಿಡುವಂತಿರಲಿಲ್ಲ. ಜನ ರೂಢಿಯಂತೆ ಸಾಲಾಗಿ ಬಂದು ಬರೀ ನೀರಿಗೆ ಒಂದೊಂದು ಹಿಡಿ ಮಣ್ಣು ಹಾಕಿದರು. ಸಿದ್ದಲಿಂಗಮ್ಮ ಮಾತ್ರ ಆ ಕಡೆ ತಿರುಗಲಿಲ್ಲ. ಕತ್ತೆತ್ತಿ, ಮರ ದಾಟಿ ಕರಿಘಟ್ಟದ ಬೆಟ್ಟದ ಕಡೆಗೆ ಹೋಗುತ್ತಿದ್ದ ಹೊಗೆಯನ್ನೇ ನೋಡುತ್ತ ನಿಂತಿದ್ದಳು.