ಹಳದಿ ಟ್ರೇಲರಿಗೆ ಹೊಂದುವ ಟೈರು

ಡೆಲ್ಬರ್ಟ್ ಆ ಟ್ರೇಲರನ್ನು ಪಿಕಪ್ಪಿನ ಹಿಂದೆ ಕಟ್ಟಿ ಎಳೆದು ತಂದ ದಿನ ಆರ್ಡಿತ್ ಕಣ್ಣಿಗೆ ಮೊದಲು ಬಿದ್ದದ್ದು ಅದರೊಳಗಿನ ಇಲಿಗೂಡು. ಮಂಚ, ಒಲೆ ಎಲ್ಲ ಇದ್ದ ಆ ಮೊಟ್ಟೆಯಾಕಾರದ ತಗಡಿನ ಗಾಡಿಗೆ ಹೆಚ್ಚುಕಡಿಮೆ ಅವಳದೇ ವಯಸ್ಸು. ಗಂಡನನ್ನು ಬೈಯುತ್ತಲೇ ಚಳಿಗಾಲವಿಡೀ ಅವಳು ಒಲೆ ತಿಕ್ಕಿದಳು, ಕಿಟಕಿಗೆ ಪರದೆ ಹೊಲಿದಳು, ಹೊರಗೆ ಬೆಣ್ಣೆಯಂಥ ಹಳದಿ ಬಣ್ಣ ಬಳಿದಳು. ಬೇಸಿಗೆಯಲ್ಲಿ ಸರೋವರದ ದಡದಲ್ಲಿ ಹಳೇ ಟ್ರೇಲರುಗಳ ಮೇಳ. ನೆಬ್ರಾಸ್ಕಾದ ಮೂಲೆಮೂಲೆಯಿಂದ ಜನ ಬರುತ್ತಾರೆ. ತಾವೂ ಹೋಗಲೇಬೇಕೆಂದು ಈಗ ಅವಳದೇ ಹಟ.

ಉಳಿದದ್ದು ಟೈರು. ಹಳೆಯವು ಒಡೆದ ಹಿಮ್ಮಡಿಯ ಹಾಗೆ ಬಿರುಕು ಬಿಟ್ಟಿದ್ದವು.

"ಅದು ನಂಗೆ ಬಿಡು," ಎಂದ ಡೆಲ್ಬರ್ಟ್. ಆಯುಷ್ಯವಿಡೀ ಶಾಲೆಯ ಬಸ್ಸು ಓಡಿಸಿದವನು. ರಿಮ್ಮಿಗೆ ಕೂತರೆ ಸಾಕೆಂದು ದಪ್ಪನೆಯ ಟೈರು ಹಾಕಿಸಿಕೊಂಡು ಬಂದ. ಅಂಗಳದಲ್ಲಿ ನಿಂತ ಗಾಡಿ ಮದುಮಗನ ಹಾಗೆ ಕಂಡಿತು. ರಸ್ತೆಗಿಳಿದು ಮೊದಲ ಹಳ್ಳಕ್ಕೆ ಬೀಳುತ್ತಲೇ ಹಿಂದಿನಿಂದ ಹಂದಿ ಅರಚಿದಂಥ ಸದ್ದು.

"ಹೊಗೆ ಬರ್ತಿದೆ ಕಣೋ!" ಪಕ್ಕದಲ್ಲಿ ಕೂತಿದ್ದ ಆರ್ಡಿತ್ ಕೂಗಿದಳು.

"ಧೂಳು ಅದು."

"ಧೂಳು ರಬ್ಬರ್ ಸುಟ್ಟ ವಾಸನೆ ಹೊಡೆಯುತ್ತಾ?"

ಟೈರು ಚಕ್ರದ ಮೇಲಿನ ತಗಡಿನ ಗೂಡಿಗೆ ಉಜ್ಜುತ್ತಿತ್ತು. ಅಂಗಡಿಯವನು ಬಗ್ಗಿ ನೋಡಿ ತಲೆ ಕೆರೆದುಕೊಂಡ. "ಗೂಡು ಇಕ್ಕಟ್ಟು ಸರ್, ಈಗಿನ ಟೈರು ಅಗಲ. ಕಾರಿನದ್ದು ಹಾಕಿದ್ರೆ ಭಾರ ತಡೆಯಲ್ಲ. ಇಷ್ಟು ತೆಳ್ಳಗಿರೋದು ತರಿಸಬೇಕು, ಬರೋಷ್ಟರಲ್ಲಿ ಬೇಸಿಗೆ ಮುಗಿದಿರುತ್ತೆ." ಇನ್ನೊಂದು ಅಂಗಡಿಯವನು ಹೊಸ ಟ್ರೇಲರನ್ನೇ ಕೊಂಡುಬಿಡಿ ಎಂದ. ಡೆಲ್ಬರ್ಟ್ ಅವನ ಮುಖವನ್ನೂ ನೋಡದೆ ಹೊರಬಂದ.

ಮರುದಿನ ಬಟ್ಟೆ ಒಣಹಾಕುತ್ತಿದ್ದ ಆರ್ಡಿತ್‌ಗೆ ಪಕ್ಕದ ಮನೆಯ ಓರ್ವಿಲ್‌ನ ದೋಣಿ ಸಾಗಿಸುವ ಗಾಡಿ ಕಂಡಿತು. ಖಾಲಿ ಗಾಡಿ, ಹೊಚ್ಚ ಹೊಸ ಟೈರು. ಬೇಲಿ ನುಸುಳಿ ಹೋಗಿ, ಕನ್ನಡಕ ಏರಿಸಿ, ಟೈರಿನ ಮೇಲಿನ ಅಳತೆ ಓದಿದಳು. ತಮ್ಮ ಹಳೇ ಟೈರಿನದೇ ಅಳತೆ!

"ಸತ್ರೂ ಅವನ ಹತ್ರ ಕೇಳಲ್ಲ," ಎಂದ ಡೆಲ್ಬರ್ಟ್. ಚರ್ಚಿನ ಅಡುಗೆ ಸ್ಪರ್ಧೆಯಲ್ಲಿ ಓರ್ವಿಲ್ ತೀರ್ಪುಗಾರನಾಗಿ ಇವನ ಚಿಲಿ ಎಂಬ ಖಾರದ ಮಾಂಸದ ಸಾರಿಗೆ ಮೂರನೇ ಬಹುಮಾನ ಕೊಟ್ಟಿದ್ದ. ಸ್ಪರ್ಧೆಗೆ ಇಳಿದಿದ್ದವರೇ ಮೂವರು. ಅಂದಿನಿಂದ ಮಾತಿಲ್ಲ.

"ನೀನು ಸತ್ತ ಮೇಲೆ ನಾನೇ ಕೇಳ್ಬೇಕಾಗುತ್ತೆ. ಅದರ ಬದಲು ಈಗ್ಲೇ ನಡಿ." ಆಗಷ್ಟೇ ಬೇಯಿಸಿದ್ದ ಹಣ್ಣಿನ ಪೈ ಹಿಡಿದು ಅವಳೂ ಹಿಂದೆಯೇ ಹೊರಟಳು.

ಓರ್ವಿಲ್ ಜಗುಲಿಯಲ್ಲಿದ್ದ. "ಓಹೋ! ದಾರಿ ತಪ್ಪಿತಾ?"

"ನಿನ್ನ ದೋಣಿ ಗಾಡೀದು ಟೈರು ಬೇಕಿತ್ತು," ಎಂದ ಡೆಲ್ಬರ್ಟ್ ಜಗುಲಿಯ ಸೂರು ನೋಡುತ್ತ. "ದೋಣಿಗೆ ಬೇಡ ಅಂದ್ರೆ."

"ದೋಣಿ ಎಲ್ಲಿದೆಯೋ?"

ಎಲ್ಲಿದೆಯೆಂದು ಊರಿಗೇ ಗೊತ್ತಿತ್ತು. ಓರ್ವಿಲ್ ತಳದ ಬಿರಡೆ ಹಾಕುವುದು ಮರೆತು ಅದನ್ನು ನೀರಿಗೆ ಬಿಟ್ಟು ಮುಳುಗಿಸಿದ್ದ. ಡೆಲ್ಬರ್ಟ್ ನಗು ತಡೆಯಲು ಹೋಗಿ ಕೆಮ್ಮಿದ. ಓರ್ವಿಲ್ ಅವನನ್ನೇ ದುರುಗುಟ್ಟಿ ನೋಡಿ, ತಾನೇ ಮೊದಲು ನಕ್ಕುಬಿಟ್ಟ.

"ತಗೊಂಡು ಹೋಗು. ಆದ್ರೆ ನಾನೂ ಬರ್ತೀನಿ ಮೇಳಕ್ಕೆ. ಬೇಸಿಗೇಲಿ ಒಬ್ನೇ ಕೂತು ಕೂತು ಸಾಕಾಗಿದೆ."

ಡೆಲ್ಬರ್ಟ್ ಹೆಂಡತಿಯ ಮುಖ ನೋಡಿದ. ಅವಳು ಪೈ ಕುಯ್ಯುತ್ತಿದ್ದಳು. "ಡೇರೆ ತಗೊಂಡು ಬಾ ಓರ್ವಿಲ್. ಒಳಗಿರೋದು ಒಂದೇ ಮಂಚ."

ಟೈರು ಗೂಡಿನೊಳಗೆ ಅಂಗೈ ತೂರುವಷ್ಟು ಜಾಗ ಬಿಟ್ಟು ಕೂತಿತು. ದಾರಿಯುದ್ದಕ್ಕೂ ಸದ್ದಿದ್ದದ್ದು ಓರ್ವಿಲ್‌ನದೇ: "ನಿಧಾನ ಕಣೋ, ಹಳ್ಳ ಇದೆ!"

ಮೇಳದಲ್ಲಿ ಜನ ಬಂದು ಬಂದು ಬಣ್ಣ ಹೊಗಳಿದರು, ಪರದೆ ಮುಟ್ಟಿ ನೋಡಿದರು. ಟೈರು ಮಾತ್ರ ಯಾರೂ ನೋಡಲಿಲ್ಲ. ಗಂಡಸರಿಬ್ಬರಿಗೂ ಅವಮಾನವಾಯಿತು. ಮಧ್ಯಾಹ್ನದ ಹೊತ್ತಿಗೆ ಚಕ್ರಕ್ಕೊಬ್ಬರಂತೆ ನಿಂತು, ಹೋಗುವವರ ತೋಳು ಹಿಡಿದು ಬಗ್ಗಿಸಿ ಬಗ್ಗಿಸಿ ತೋರಿಸತೊಡಗಿದರು. ಆರ್ಡಿತ್ ಕಾಫಿ ಬಗ್ಗಿಸಿಕೊಂಡು, ಇವರು ಯಾರೋ ತನಗೆ ಗೊತ್ತೇ ಇಲ್ಲವೆಂಬಂತೆ ಕುರ್ಚಿಯನ್ನು ದೂರದ ನೆರಳಿಗೆ ಎಳೆದುಕೊಂಡಳು.