ಏರಿದ ಡಿಗ್ರಿ

ಹಾಲಿನ ಡೈರಿಯಲ್ಲಿ ಗಾಜಿನ ಕಡ್ಡಿಯನ್ನು ಹಾಲಿಗೆ ಇಳಿಬಿಟ್ಟು, ಹಾಲು ಎಷ್ಟು ಗಟ್ಟಿ ಎಂದು ಡಿಗ್ರಿ ನೋಡುವುದು ಅವಳ ಕೆಲಸ. ಹನ್ನೊಂದು ವರ್ಷ ಅದನ್ನೇ ಮಾಡಿ, ಊರವರ ಬಾಯಲ್ಲಿ ಡಿಗ್ರಿಯಕ್ಕ ಎಂದೇ ಆಗಿಹೋಗಿದ್ದಳು. ಈಗ ಏಳು ತಿಂಗಳ ಬಸುರಿ. ಬಿಪಿ ಏರಿತೆಂದು ಆಸ್ಪತ್ರೆ ಸೇರಿ ಹತ್ತೊಂಬತ್ತು ದಿನವಾಗಿತ್ತು.

ಮನೆಯಲ್ಲಿ ಮೂರು ವರ್ಷದ ಮಗಳು. ಬೆಳಿಗ್ಗೆ ಕಣ್ಣು ಬಿಡುವ ಮೊದಲೇ ಡಿಗ್ರಿಯಕ್ಕನ ಕೈ ಪಕ್ಕದಲ್ಲಿ ತಡಕುತ್ತಿತ್ತು. ಸಿಗುತ್ತಿದ್ದುದು ಮಂಚದ ತಣ್ಣನೆಯ ಕಂಬಿ.

ಸೇರಿದ ದಿನ ಡಾಕ್ಟರು, "ರಕ್ತ ಒಂಬತ್ತೇ ಇದೆ, ಹನ್ನೊಂದಾದರೂ ಆಗಬೇಕು" ಅಂದಿದ್ದರು. ಹನ್ನೊಂದಾದರೆ ಮನೆ ಎಂದು ಅವಳೇ ಲೆಕ್ಕ ಹಾಕಿಕೊಂಡಳು. ಕಬ್ಬಿಣದ ಮಾತ್ರೆಯನ್ನು ಒಂದು ದಿನವೂ ತಪ್ಪಿಸಲಿಲ್ಲ. ನಿನ್ನೆ ಬಂದ ರಕ್ತಪರೀಕ್ಷೆಯ ಚೀಟಿಯಲ್ಲಿ ಹದಿಮೂರು! ಅವಳು ತಡಮಾಡದೆ ಗಂಡನಿಗೆ ಫೋನ್ ಮಾಡಿದಳು. "ನಾಳೆ ಬರ್ತಾ ನನ್ನ ಚಪ್ಪಲಿ ತನ್ನಿ. ಬಟ್ಟೆ ಚೀಲ ಕಟ್ಟಿಟ್ಟಿರ್ತೀನಿ."

ಅವನು ಮೊದಲ ಬಸ್ಸಿಗೇ ಬಂದ. ಹಳೇ ಪೇಪರಿನಲ್ಲಿ ಸುತ್ತಿದ್ದ ಚಪ್ಪಲಿ ಬಿಚ್ಚುತ್ತ ನಕ್ಕ. "ನಿನ್ನ ಮಗಳು ಒಂದನ್ನ ಬಚ್ಚಿಟ್ಟಿದ್ಲು ಕಣೇ. ಅಮ್ಮನೇ ಬಂದು ಹುಡುಕ್ಲಿ ಅಂತ ಹಠ. ಅಮ್ಮನ್ನೇ ಕರ್ಕೊಂಡು ಬರ್ತೀನಿ ಅಂದ್ಮೇಲೆ ಕೊಟ್ಲು."

ಅವಳು ಪಾದ ತೂರಿಸಿದಳು. ಹೆಬ್ಬೆರಳ ಆಚೆಗೆ ಹೋಗಲಿಲ್ಲ.

"ಆಸ್ಪತ್ರೆ ಊಟ ಎಲ್ಲ ಪಾದಕ್ಕೇ ಇಳಿದಿದೆ ನೋಡು," ಎಂದ ಗಂಡ.

ಅಷ್ಟರಲ್ಲಿ ಬಿಪಿ ನೋಡಲು ಸಿಸ್ಟರ್ ಬಂದರು. ಕಟ್ಟಿಟ್ಟ ಚೀಲ ಕಣ್ಣಿಗೆ ಬಿತ್ತು. "ಎಲ್ಲಿಗಮ್ಮಾ ಸವಾರಿ?"

"ಹದಿಮೂರು ಬಂತಲ್ಲ ಸಿಸ್ಟರ್!"

ಸಿಸ್ಟರ್ ತೋಳಿಗೆ ಪಟ್ಟಿ ಸುತ್ತಿ ಗಾಳಿ ಒತ್ತಿದರು, ಬರೆದುಕೊಂಡರು. ಆಮೇಲೆ ಅವಳ ಕಣಕಾಲನ್ನು ಹೆಬ್ಬೆರಳಿನಿಂದ ಅದುಮಿದರು. ಬಿದ್ದ ಗುಳಿ ಹಾಗೇ ನಿಂತಿತು.

"ರಕ್ತ ಹೆಚ್ಚಿಲ್ಲಮ್ಮ. ಈ ಬಿಪಿಗೆ ರಕ್ತದಲ್ಲಿರೋ ನೀರು ನಾಳದಿಂದ ಸೋರಿ ಇಲ್ಲಿ ಕಾಲಿಗೆ ಬಂದಿದೆ. ಒಳಗೆ ಉಳಿದದ್ದು ಮಂದ ಆಗಿದೆ. ಅದಕ್ಕೇ ಅಂಕಿ ಏರಿದ್ದು."

"ಏರಿದ್ರೆ ಒಳ್ಳೇದೇ ಅಲ್ವಾ?" ಗಂಡ ಇಬ್ಬರ ಮುಖವನ್ನೂ ನೋಡಿದ.

ಅವಳಿಗೆ ಆಗಲೇ ತಿಳಿದುಹೋಗಿತ್ತು. ಕೆನೆ ತೆಗೆದ ಹಾಲಿನಲ್ಲೂ ಕಡ್ಡಿ ಮೇಲೇಳುತ್ತದೆ, ಡಿಗ್ರಿ ಜಾಸ್ತಿಯೇ ತೋರಿಸುತ್ತದೆ. ಅಂಥ ಹಾಲು ತಂದವರನ್ನು ಎಷ್ಟು ಸಲ ಕ್ಯಾನಿನ ಸಮೇತ ವಾಪಸು ಕಳಿಸಿದ್ದಳೋ!

"ಕೆನೆ ತೆಗೆದ ಹಾಲು ಕಣ್ರೀ ಇದು," ಎಂದಳು. ಅವನ ನಗು ಅಲ್ಲಿಗೆ ನಿಂತಿತು.

"ಮಗು?" ಅವಳ ದನಿ ಸಣ್ಣದಾಯಿತು.

"ಎದೆಬಡಿತ ಚೆನ್ನಾಗಿದೆ. ಇನ್ನೊಂದೆರಡು ವಾರ ಒಳಗೇ ಬೆಳೆದ್ರೆ ಅದಕ್ಕೆ ಒಳ್ಳೇದು. ಆದ್ರೆ ನೀವು ನಮ್ಮ ಕಣ್ಣೆದುರೇ ಇರ್ಬೇಕು."

ಸಿಸ್ಟರ್ ಮುಂದಿನ ಮಂಚಕ್ಕೆ ಹೋದರು. ಅವಳು ಚೀಲ ಬಿಚ್ಚಿ, ಬಟ್ಟೆಗಳನ್ನು ಒಂದೊಂದಾಗಿ ಕಪಾಟಿಗೆ ಸೇರಿಸಿದಳು. ಗಂಡ ಚಪ್ಪಲಿಗಳನ್ನು ಮತ್ತೆ ಪೇಪರಿನಲ್ಲಿ ಸುತ್ತತೊಡಗಿದ. ಅವಳು ಅವನ ಕೈ ತಡೆದು, ಒಂದನ್ನು ತೆಗೆದುಕೊಂಡು ಮಂಚದ ಕೆಳಗೆ ಇಟ್ಟಳು.

"ಇನ್ನೊಂದನ್ನ ಅವಳಿಗೇ ಕೊಡಿ. ಚೆನ್ನಾಗಿ ಬಚ್ಚಿಡ್ಲಿ. ನಾನೇ ಬಂದು ಹುಡುಕ್ತೀನಿ ಅಂತ ಹೇಳಿ."